ಕತ್ತಿ ತೊಳೆದ ಮೇಲೆ

ನಮ್ಮ ಸಂಘದ ಕಳೆದ ರಾಜ್ಯೋತ್ಸವದಲ್ಲಿ ಹಾಕಿದ ವಿಡಿಯೋ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೂರು ನಿಮಿಷದ್ದು. ಕುದುರೆ, ಕತ್ತಿ, ಬೆಂಕಿ, ಹಿಂದೆ ಡೊಳ್ಳು. ಗಂಗರು, ರಾಷ್ಟ್ರಕೂಟರು, ಹೊಯ್ಸಳರು ಅಂತ ಹೆಸರುಗಳು ಒಂದಾದ ಮೇಲೊಂದು ಬರ್ತವೆ. ಕೊನೆಗೆ ಒಬ್ಬ ವೀರ ಬೀಳ್ತಾನೆ, ಸ್ಕ್ರೀನ್ ಕಪ್ಪಾಗುತ್ತೆ, "ಜೈ ಕರ್ನಾಟಕ" ಅಂತ ಬರುತ್ತೆ. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಅದನ್ನ ಎಡಿಟ್ ಮಾಡಿದವನು ನಾನು. ಎರಡು ರಾತ್ರಿ ನಿದ್ದೆಗೆಟ್ಟು ಮಾಡಿದ್ದೆ, ಹೆಮ್ಮೆಯೂ ಇತ್ತು.

ಈ ಲೇಖನ ಆ ಕಪ್ಪು ಸ್ಕ್ರೀನಿನ ಬಗ್ಗೆ. ವೀರ ಬಿದ್ದ ಮೇಲೆ ಏನಾಯ್ತು ಅನ್ನೋದನ್ನ ನಾನು ಕತ್ತರಿಸಿ ಹಾಕಿದ್ದೆ. ಡಿಸೆಂಬರಿನಲ್ಲಿ ರೂವಿಗೆ ಹೋಗಿ ಬಂದ ಮೇಲೆ ಹಾಗೆ ಕತ್ತರಿಸಿದ್ದು ತಪ್ಪು ಅಂತ ಅನ್ನಿಸ್ತಿದೆ.

ನಮ್ಮಪ್ಪ ಹದಿನೈದು ವರ್ಷದಿಂದ ಒಮಾನಿನ ರೂವಿಯಲ್ಲಿದ್ದಾರೆ. ಹೈ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಐದು ಜನರ ಒಂದು ರೂಮು. ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಓದಿದ್ದು, ಈಗ ಇಲ್ಲಿ ಮಾಸ್ಟರ್ಸ್ ಮಾಡ್ತಿರೋದು, ಎರಡೂ ಆ ರೂಮಿನ ಬಲದಿಂದಲೇ. ಚಳಿಗಾಲದ ರಜೆಯಲ್ಲಿ ಹತ್ತು ದಿನ ಹೋಗಿದ್ದೆ. ಅಪ್ಪ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲಾ ಖಾಲಿ. ಹಾಗಾಗಿ ಒಂದು ದಿನ ಬೈತ್ ಅಲ್ ಫಲಜ್ ಕೋಟೆಗೆ ಹೋದೆ. ರೂವಿಯಲ್ಲೇ ಇದೆ. ಈಗ ಅಲ್ಲಿ ಸುಲ್ತಾನರ ಸೇನೆಯ ಮ್ಯೂಸಿಯಂ ಇದೆ. 1915ರ ಜನವರಿಯಲ್ಲಿ ಒಳನಾಡಿನ ಇಮಾಮನ ಕಡೆಯ ಸುಮಾರು 3000 ಜನ ಮಸ್ಕತ್ ಮೇಲೆ ನುಗ್ಗಿ ಬಂದಾಗ, ಅವರನ್ನ ತಡೆದದ್ದು ಈ ಜಾಗದಲ್ಲಿ. ತಡೆದವರು ಬ್ರಿಟಿಷರ ಕೈಕೆಳಗಿದ್ದ ಸುಮಾರು 700 ಭಾರತೀಯ ಸಿಪಾಯಿಗಳು. ಸುಲ್ತಾನನಿಗೂ ಒಳನಾಡಿಗೂ ಒಪ್ಪಂದ ಆಗಿದ್ದು ಐದು ವರ್ಷ ಕಳೆದು, 1920ರಲ್ಲಿ, ಸೀಬ್ ಊರಿನಲ್ಲಿ. ಈ ಊರಿಗೆ ಭಾರತದಿಂದ ಜನ ಕೆಲಸಕ್ಕೆ ಬರೋದು ಹೊಸದೇನಲ್ಲ, ಆಗ ಕೋವಿ ಹಿಡಿದು ಬಂದಿದ್ರು, ಈಗ ವೆಲ್ಡಿಂಗ್ ರಾಡ್ ಹಿಡಿದು ಬರ್ತಾರೆ ಅಂತ ಅಂದುಕೊಂಡು ರೂಮಿಗೆ ವಾಪಸ್ ಬಂದೆ.

ಅವತ್ತು ರಾತ್ರಿ ಊಟ ಆದ ಮೇಲೆ ಅಪ್ಪ ಒಂದು ನೋಟ್‌ಬುಕ್ ತೆಗೆದರು. ನೂರು ಪುಟದ ಸಾದಾ ಪುಸ್ತಕ. ಒಂದು ಪುಟದಲ್ಲಿ ಇಪ್ಪತ್ತಮೂರು ಹೆಸರು, ಎದುರಿಗೆ ರಿಯಾಲ್. ಹತ್ತು, ಇಪ್ಪತ್ತು, ಐದು, ಒಂದು ಕಡೆ ಎರಡು. ಒಟ್ಟು 412. ನಮ್ಮ ದುಡ್ಡಿನಲ್ಲಿ ತೊಂಬತ್ತು ಸಾವಿರದ ಮೇಲಾಗುತ್ತೆ. ಅದು ಆ ರೂಮಿನ ಐದನೇ ಮಂಚದವರ ಲೆಕ್ಕ. ಹಾಸನ ಕಡೆಯವರು, ನಾನು ಅಂಕಲ್ ಅಂತಿದ್ದೆ. ಹಿಂದಿನ ವರ್ಷ ಒಂದು ಬೆಳಗ್ಗೆ ಎದ್ದೇಳಲಿಲ್ಲ, ಅಷ್ಟೇ. ಹದಿನಾಲ್ಕು ವರ್ಷ ಅಲ್ಲಿ ದುಡಿದಿದ್ದರು. ಅವರು ಕೆಲಸ ಮಾಡ್ತಿದ್ದ ಕಡೆಯಿಂದ ಬರಬೇಕಾದ ಹಣ ಕಾಗದಪತ್ರದ ಸುತ್ತಾಟದಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಅಷ್ಟರಲ್ಲಿ ಮನೆಯಲ್ಲಿ ಮಗಳ ಕಾಲೇಜು ಫೀಸು. ಹಾಗಾಗಿ ನೋಟ್‌ಬುಕ್. ಕೊಟ್ಟವರಲ್ಲಿ ಕನ್ನಡದವರು ಒಂಬತ್ತು ಜನ, ಮಿಕ್ಕವರು ಕೇರಳ, ಬಾಂಗ್ಲಾ, ಪಾಕಿಸ್ತಾನದವರು. ಎರಡು ರಿಯಾಲ್ ಕೊಟ್ಟವನು ಕೆಳಗಿನ ಟೀ ಅಂಗಡಿಯ ಹುಡುಗ.

ಆ ಪುಟ ನೋಡ್ತಿದ್ದಾಗ ನನಗೆ ಹಲ್ಮಿಡಿ ಶಾಸನ ನೆನಪಾಯ್ತು. ವಿಡಿಯೋಗೆ ಅಂತ ಓದಿಕೊಂಡು, ಆಮೇಲೆ "ಇದರಲ್ಲಿ ಆಕ್ಷನ್ ಇಲ್ಲ" ಅಂತ ಬಿಟ್ಟಿದ್ದೆ.

ಹಲ್ಮಿಡಿ ಶಾಸನ ಅಂದ್ರೆ ನಾವೆಲ್ಲಾ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಒಂದೇ ವಾಕ್ಯ: ಕನ್ನಡದ ಮೊದಲ ಶಾಸನ, ಸುಮಾರು ಕ್ರಿ.ಶ. 450, ಬೇಲೂರು ತಾಲ್ಲೂಕು. ಅದರಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅದರಲ್ಲಿ ಇರೋದು ಒಂದು ಯುದ್ಧ ಮುಗಿದ ಮೇಲಿನ ಲೆಕ್ಕ. ವಿಜ ಅರಸ ಅನ್ನೋ ಯೋಧ ಪಲ್ಲವರ ಕಡೆಯವರ ವಿರುದ್ಧದ ಕಾಳಗದಲ್ಲಿ ಹೋರಾಡಿದ್ದ. ಅದಕ್ಕಾಗಿ ಅವನಿಗೆ ಹಲ್ಮಿಡಿ, ಮೂಳಿವಳ್ಳಿ ಅನ್ನೋ ಎರಡು ಹಳ್ಳಿ ಕೊಟ್ಟರು. ಆ ಕೊಡುಗೆಗೆ ಶಾಸನದಲ್ಲಿ ಇರೋ ಹೆಸರು "ಬಾಳ್ಗಳ್ಚು". ಬಾಳು ಅಂದ್ರೆ ಕತ್ತಿ, ಕಳ್ಚು ಅಂದ್ರೆ ತೊಳೆಯೋದು. ಕತ್ತಿಯ ರಕ್ತ ತೊಳೆದ ಮೇಲೆ ಕೊಡೋದು. ಅಂದರೆ ನಮ್ಮ ಭಾಷೆಯಲ್ಲಿ ನಮಗೆ ಸಿಕ್ಕಿರೋ ಮೊದಲ ದೊಡ್ಡ ಬರಹ ಯುದ್ಧದ ವರ್ಣನೆಯಲ್ಲ, ಯುದ್ಧ ಆದ ಮೇಲೆ ಯಾರಿಗೆ ಏನು ಸಲ್ಲಬೇಕು ಅನ್ನೋ ಪತ್ರ.

ನನ್ನ ವಾದ ಇಷ್ಟೇ. ನಮ್ಮ ಹಿಂದಿನವರು ವೀರರನ್ನ ನೆನಪಿಟ್ಟುಕೊಂಡ ರೀತಿಯಲ್ಲಿ ಈ "ಆಮೇಲೆ" ಅನ್ನೋ ಭಾಗ ಯಾವಾಗಲೂ ಇತ್ತು. ನಾವು ರೀಲ್ಸ್ ಮಾಡುವಾಗ ಅದನ್ನೇ ಕತ್ತರಿಸ್ತಿದ್ದೀವಿ. ಹಾಗೆ ಕತ್ತರಿಸಿದ ಅಭಿಮಾನ ಅರ್ಧ ಅಭಿಮಾನ.

ಇಲ್ಲಿ ಯೂರೋಪಿನಲ್ಲಿ ಓದೋ ಸ್ನೇಹಿತರು "ನೈಟ್" ಅನ್ನೋ ಪದ ಕೇಳಿದ ಕೂಡಲೇ ಉಕ್ಕಿನ ಕವಚ ನೆನಪಿಸಿಕೊಳ್ತಾರೆ. ಮ್ಯೂಸಿಯಂಗಳಲ್ಲಿ ಸಾಲಾಗಿ ನಿಲ್ಲಿಸಿರ್ತಾರೆ, ಒಳಗೆ ಮನುಷ್ಯ ಇಲ್ಲ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಏನು ಅಂತ ಹುಡುಕಿದರೆ ಪದಗಳು ಸಿಗ್ತವೆ: ಲೆಂಕ, ಗರುಡ, ವೇಳೆವಾಳಿ, ಜೋಳವಾಳಿ. ಜೋಳವಾಳಿ ಅಂದ್ರೆ ತಿಂದ ಜೋಳದ ಋಣಕ್ಕೆ ಕಾದುವವನು. ವೇಳೆವಾಳಿ ಅಂದ್ರೆ ಹೊತ್ತು ಬಂದಾಗ ಒಡೆಯನಿಗಾಗಿ ಪ್ರಾಣ ಕೊಡ್ತೀನಿ ಅಂತ ಮಾತು ಕೊಟ್ಟವನು. ಎಂ. ಚಿದಾನಂದಮೂರ್ತಿಯವರ "ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ" ಇಂಥ ವಿಷಯಗಳಿಗೆ ಇವತ್ತಿಗೂ ಒಳ್ಳೆಯ ಬಾಗಿಲು. ಈ ಜನರ ನೆನಪು ನಮ್ಮಲ್ಲಿ ಉಳಿದಿರೋದು ಕವಚದಲ್ಲಿ ಅಲ್ಲ, ಕಲ್ಲಿನಲ್ಲಿ.

ವೀರಗಲ್ಲನ್ನ ನೀವೆಲ್ಲಾ ನೋಡಿರ್ತೀರಿ, ಅದು ವೀರಗಲ್ಲು ಅಂತ ಗೊತ್ತಿಲ್ಲದೇ ಇರಬಹುದು. ಊರ ಮುಂದೆ, ಕೆರೆ ಏರಿಯಲ್ಲಿ, ಗುಡಿಯ ಗೋಡೆಗೆ ಒರಗಿಸಿ ಇಟ್ಟಿರ್ತಾರೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ವೀರನನ್ನ ಮೇಲಕ್ಕೆ ಕರೆದುಕೊಂಡು ಹೋಗ್ತಿರ್ತಾರೆ. ಮೇಲೆ ಅವನು ಶಿವನ ಸನ್ನಿಧಿಯಲ್ಲಿ ಕೂತಿರ್ತಾನೆ, ಅದರ ಮೇಲೆ ಸೂರ್ಯ ಚಂದ್ರ. ಇವುಗಳಲ್ಲಿ ದೊಡ್ಡ ದೊಡ್ಡ ರಾಜರ ಯುದ್ಧದವೂ ಇವೆ. ಆದರೆ ಬಹಳಷ್ಟು ಕಲ್ಲುಗಳು ಹೇಳೋದು ಚಿಕ್ಕ ಜಗಳಗಳನ್ನ: ಕಳ್ಳರು ಹೊಡೆದುಕೊಂಡು ಹೋಗ್ತಿದ್ದ ದನ ಬಿಡಿಸಲು ಹೋಗಿ ಸತ್ತವನು, ಊರ ಮೇಲೆ ದಾಳಿ ಆದಾಗ ಹೆಂಗಸರ ಮಾನ ಕಾಯಲು ನಿಂತು ಸತ್ತವನು, ಹುಲಿಯ ಜೊತೆ ಸೆಣಸಿ ಸತ್ತವನು. ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು 750ರ ಕಿತ್ತಯ್ಯನ ಕಲ್ಲೂ ಹೀಗೆ ಒಬ್ಬ ಸ್ಥಳೀಯ ವೀರನದ್ದೇ.

ಅನೇಕ ಕಲ್ಲುಗಳಲ್ಲಿ ಕೆತ್ತನೆಯ ನಡುವಿನ ಪಟ್ಟಿಯಲ್ಲಿ ಅಕ್ಷರ ಇರುತ್ತೆ. ನಾವು ಫೋಟೋ ತೆಗೆಯೋದು ಕೆತ್ತನೆಯದ್ದು, ಅಕ್ಷರ ಬಿಡ್ತೀವಿ. ಆ ಅಕ್ಷರದಲ್ಲೇ ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗೆ ಅನ್ನೋ ಪದಗಳು ಬರೋದು. ನೆತ್ತರುಗೊಡಗೆ ಅಂದ್ರೆ ಸತ್ತವನ ನೆತ್ತರಿಗೆ ಪ್ರತಿಯಾಗಿ ಅವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ. ಇವತ್ತಿನ ಮಾತಲ್ಲಿ ಹೇಳಿದರೆ ಕುಟುಂಬ ಪಿಂಚಣಿ. ಅದನ್ನ ಕೆಡಿಸಿದವನಿಗೆ ಪಾಪ ಬರಲಿ ಅಂತ ಶಾಪವನ್ನೂ ಕೆತ್ತಿಸ್ತಿದ್ದರು.

ಬೇಗೂರಿನ ಉದಾಹರಣೆ ತಗೊಳ್ಳಿ. ಬೆಂಗಳೂರಿನ ಹೆಸರು ಇರೋ ಹಳೆಯ ಶಾಸನ ಅಲ್ಲಿದೆ, ಸುಮಾರು 890ರದ್ದು. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಮಗ ಸತ್ತ ಅಂತ ಹೇಳೋ ಚಿಕ್ಕ ಶಾಸನ. ಬೆಂಗಳೂರಿನವರು "ನಮ್ಮೂರಿನ ಹೆಸರು ಸಾವಿರ ವರ್ಷ ಹಳೆಯದು" ಅಂತ ಇದನ್ನ ಹಂಚಿಕೊಳ್ತಾರೆ, ನಾನೂ ಹಂಚಿಕೊಂಡಿದ್ದೀನಿ. ಆದರೆ ಅದು ಒಬ್ಬನ ಮಗ ಸತ್ತ ಸುದ್ದಿ ಅನ್ನೋದು ಯಾರ ಗಮನಕ್ಕೂ ಬರಲ್ಲ. ಆ ನಾಗತ್ತರ ಗಂಗರ ಅಧಿಕಾರಿ. ನೊಳಂಬರ ಬೀರ ಮಹೇಂದ್ರನ ಮೇಲಿನ ಯುದ್ಧದಲ್ಲಿ ತುಂಬೆಪಾಡಿ ಅನ್ನೋ ಕಡೆ ಅವನೂ ಸತ್ತ. ಅವನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಆನೆ, ಕುದುರೆ, ಬಿಲ್ಲು, ಬಿದ್ದ ಹೆಣಗಳು, ಹೆಣ ಎಳೆಯೋ ನರಿಗಳು, ಎಲ್ಲಾ ಇವೆ. ಅದರ ಬರಹ ಹೇಳೋದೇನು? ಎರೆಯಪ್ಪ ಅರಸ ಇರುಗ ಅನ್ನೋನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಹಳ್ಳಿಗಳನ್ನ ಕಲ್ನಾಡಾಗಿ ಕೊಟ್ಟ ಅಂತ. ಆ ಹಳ್ಳಿಗಳ ಹೆಸರನ್ನೂ ಕೆತ್ತಿಸಿದ್ದಾರೆ. ಯುದ್ಧ ಚಿತ್ರದಲ್ಲಿದೆ, ಕೊಡುಗೆ ಅಕ್ಷರದಲ್ಲಿದೆ. ಕೊಡುಗೆಯೇ ಮುಂದೆ ತಕರಾರು ಬರಬಹುದಾದ ವಿಷಯ, ಅದಕ್ಕೇ ಅದು ಬರಹದಲ್ಲಿ ಇರಬೇಕಿತ್ತು ಅಂತ ನನಗನ್ನಿಸುತ್ತೆ.

ಇಷ್ಟು ಹೇಳಿ ನಿಲ್ಲಿಸಿದರೆ "ಹಿಂದಿನ ಕಾಲ ಎಷ್ಟು ಚೆನ್ನಾಗಿತ್ತು" ಅನ್ನೋ ಇನ್ನೊಂದು ರೀಲ್ ಆಗುತ್ತೆ. ಹಾಗಿರಲಿಲ್ಲ. ಲೆಕ್ಕ ಇತ್ತು ನಿಜ, ಆದರೆ ಎಲ್ಲರ ಲೆಕ್ಕ ಇರಲಿಲ್ಲ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ನೋಡಿ. 949ರಲ್ಲಿ ತಮಿಳುನಾಡಿನ ಅರಕ್ಕೋಣಂ ಹತ್ತಿರದ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ ಆಯ್ತು. ಗಂಗ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನ ಕೊಂದ. ಕೃಷ್ಣ ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು ಮುಂತಾದ ನಾಡುಗಳನ್ನ ಕೊಟ್ಟ. ಬೂತುಗನ ಜೊತೆಗಾರ ಮಣಲೆರ ಚೆನ್ನಾಗಿ ಕಾದಾಡಿದ್ದ, ಏನು ಬೇಕು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ಬೇಟೆ ನಾಯಿಯನ್ನ. ಆಮೇಲೆ ಆ ನಾಯಿ ಒಂದು ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದ್ರು, ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಗೊರವ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಅಂತ ಬರೆಸಿದ್ರು.

ಮಣಲೆರನ ಪ್ರೀತಿ ನನಗೆ ಅರ್ಥ ಆಗುತ್ತೆ. ನಾಯಿ ಸಾಕಿದ ಯಾರಿಗಾದರೂ ಆಗುತ್ತೆ. ಆದರೆ ತಕ್ಕೋಲದಲ್ಲಿ ಎರಡೂ ಕಡೆ ಸತ್ತ ಕಾಲಾಳುಗಳ ಹೆಸರು ಆ ಕಲ್ಲಿನಲ್ಲಿ ಇಲ್ಲ. ನಾಯಿಯ ಹೆಸರು ಇದೆ. ಆ ಊರು ನಮ್ಮ ತಾಲ್ಲೂಕಿನದ್ದೇ, ಇಪ್ಪತ್ತಮೂರು ವರ್ಷ ನನಗೆ ಈ ವಿಷಯವೇ ಗೊತ್ತಿರಲಿಲ್ಲ.

ಕುದುರೆಗಳದ್ದೂ ಇದೇ ಕಥೆ, ಮತ್ತೆ ಇದು ಒಮಾನಿಗೆ ಬಂದು ಸೇರುತ್ತೆ. ಒಳ್ಳೆಯ ಯುದ್ಧದ ಕುದುರೆಗಾಗಿ ನಮ್ಮ ರಾಜರು ಅರಬ್ ಕಡೆಯನ್ನ ನಂಬಿಕೊಂಡಿದ್ದರು. ಒಮಾನಿನ ಸೂರ್ ಊರಿನ ಹತ್ತಿರ ಕಲ್ಹಾತ್ ಅನ್ನೋ ಹಾಳು ಪಟ್ಟಣ ಇದೆ, ಅಲ್ಲಿಂದ ಭಾರತಕ್ಕೆ ಕುದುರೆ ಹೋಗ್ತಿದ್ದದ್ದನ್ನ ಮಾರ್ಕೋ ಪೋಲೋ ಬರೆದಿದ್ದಾನೆ. ವಿಜಯನಗರದ ಕಾಲಕ್ಕೆ ಹೊರ್ಮುಜ್‌ನಿಂದ ಗೋವಾ, ಭಟ್ಕಳದ ಬಂದರುಗಳಿಗೆ ಹಡಗುಗಟ್ಟಲೆ ಕುದುರೆ ಬರ್ತಿತ್ತು. ಹಂಪಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಒಂದು ವಿಚಿತ್ರ ಸಂಗತಿ ಬರೆದಿದ್ದಾನೆ. ಸಾಳುವ ನರಸಿಂಹ ಕುದುರೆಗಳನ್ನ ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ಬೆಲೆ. ವ್ಯಾಪಾರಿಗೆ ನಷ್ಟ ಆಗಬಾರದು, ಮುಂದಿನ ವರ್ಷವೂ ಕುದುರೆ ಬರಬೇಕು ಅನ್ನೋ ಲೆಕ್ಕ. ಇಂಜಿನಿಯರ್ ತಲೆಗೆ ಇದು ಒಳ್ಳೆಯ ರಿಸ್ಕ್ ಮ್ಯಾನೇಜ್‌ಮೆಂಟ್. ಆದರೆ ಅದೇ ಹಡಗಿನಲ್ಲಿ ಕುದುರೆಗೆ ಹುಲ್ಲು ನೀರು ಹಾಕ್ತಿದ್ದ ಆಳು ಸತ್ತರೆ ಅವನ ಮನೆಯವರು ಏನು ತಂದು ತೋರಿಸಬೇಕಿತ್ತು?

ಹೆಂಗಸರ ಲೆಕ್ಕವಂತೂ ಇನ್ನೂ ಕಷ್ಟ. ವೀರಗಲ್ಲಿನ ಪಕ್ಕದಲ್ಲೇ ಎಷ್ಟೋ ಕಡೆ ಮಾಸ್ತಿಕಲ್ಲು ಇರುತ್ತೆ: ಕಂಬದಿಂದ ಹೊರಬಂದ ಒಂದು ತೋಳು, ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಗಂಡ ಸತ್ತ ಮೇಲೆ ಬೆಂಕಿಗೆ ಹೋದವಳ ನೆನಪು ಅದು. ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನ 1057ರ ಶಾಸನದಲ್ಲಿ ದೇಕಬ್ಬೆಯ ಕಥೆ ಇದೆ. ಗಂಡನನ್ನ ಚೋಳ ಅರಸ ತಲಕಾಡಿನಲ್ಲಿ ಕೊಲ್ಲಿಸಿದ ಸುದ್ದಿ ಬಂದಾಗ ತಂದೆ ತಾಯಿ ಬಂಧುಗಳು ಬೇಡ ಬೇಡ ಅಂದರೂ ಕೇಳದೆ ಅವಳು ಬೆಂಕಿಗೆ ಹೋದಳು. ಬೇಡ ಅಂದವರು ಆ ಕಾಲದಲ್ಲೂ ಇದ್ದರು ಅನ್ನೋದನ್ನ ಕಲ್ಲೇ ಹೇಳುತ್ತೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಕುವರ ಲಕ್ಷ್ಮನ ಕಂಬ ಇದೆ. ವೀರಬಲ್ಲಾಳ 1220ರಲ್ಲಿ ತೀರಿಹೋದಾಗ ಅವನ ಗರುಡನಾಗಿದ್ದ ಲಕ್ಷ್ಮ, ಹೆಂಡತಿ ಸುಗ್ಗಲದೇವಿ, ಜೊತೆಗೆ ಸಾವಿರ ವೀರರು ಪ್ರಾಣ ಬಿಟ್ಟರಂತೆ. ಕಂಬದ ಮೇಲೆ ತಮ್ಮ ತಲೆಯನ್ನ ತಾವೇ ಕತ್ತರಿಸಿಕೊಳ್ತಿರೋ ಶಿಲ್ಪಗಳಿವೆ. ನನ್ನ ವಿಡಿಯೋದಲ್ಲಿ ಈ ಕಂಬ ಎರಡು ಸೆಕೆಂಡ್ ಬರುತ್ತೆ, ಡೊಳ್ಳಿನ ಪೆಟ್ಟಿಗೆ ಸರಿಯಾಗಿ. ಈಗ ಅದು ನೋಡಿದರೆ ಆ ಸಾವಿರ ಮನೆಗಳಲ್ಲಿ ಅವತ್ತು ರಾತ್ರಿ ಒಲೆ ಹಚ್ಚಿದರೋ ಇಲ್ಲವೋ ಅಂತ ಯೋಚನೆ ಬರುತ್ತೆ.

ಸ್ನೇಹಿತನೊಬ್ಬನಿಗೆ ಇದನ್ನೆಲ್ಲಾ ಹೇಳಿದಾಗ ಅವನು ಎರಡು ಆಕ್ಷೇಪ ಎತ್ತಿದ. ಒಂದು, "ಹೊರದೇಶದಲ್ಲಿ ವರ್ಷಕ್ಕೊಮ್ಮೆ ಸೇರ್ತೀವಿ, ಸ್ವಲ್ಪ ರೋಮಾಂಚನ ಆಗ್ಲಿ ಬಿಡು, ಅಲ್ಲೂ ಸಾವಿನ ಲೆಕ್ಕ ಯಾಕೆ?" ಎರಡು, "ಕೆಲಸಕ್ಕೆ ಹೋಗಿ ಹೃದಯಾಘಾತದಿಂದ ಸತ್ತವರನ್ನ ಯುದ್ಧದಲ್ಲಿ ಸತ್ತವರಿಗೆ ಹೋಲಿಸೋದು ಜಾಸ್ತಿ ಆಯ್ತು."

ಮೊದಲನೆಯದಕ್ಕೆ ನನ್ನ ಉತ್ತರ: ರೋಮಾಂಚನ ಇರಲಿ, ನಾನೂ ಡೊಳ್ಳು ಬಿಡಲ್ಲ. ಆದರೆ ಕಲ್ಲು ಕಡೆದವರೇ ಆ ಎರಡನ್ನೂ ಒಂದೇ ಕಲ್ಲಿನಲ್ಲಿ ಇಟ್ಟಿದ್ದಾರೆ. ನಾವು ಒಂದನ್ನ ಮಾತ್ರ ತೋರಿಸಿ ಅದನ್ನೇ ಪರಂಪರೆ ಅನ್ನೋದು ಸರಿಯಲ್ಲ. ಎರಡನೆಯದಕ್ಕೆ: ಹೌದು, ಅಂಕಲ್ ವೀರರಲ್ಲ, ಅವರಿಗೆ ಆ ಪದ ಇಷ್ಟವೂ ಆಗ್ತಿರಲಿಲ್ಲ. ನಾನು ಹೋಲಿಸ್ತಿರೋದು ಸಾವನ್ನಲ್ಲ, ಸಾವಿನ ನಂತರದ ಹೊಣೆಯನ್ನ. ದನ ಬಿಡಿಸಲು ಹೋಗಿ ಸತ್ತ ಹಳ್ಳಿಯವನೂ ಮಹಾವೀರನಾಗಬೇಕು ಅಂತ ಹೋದವನಲ್ಲ. ಮನೆಯ ಆಸ್ತಿ ಅಂದ್ರೆ ದನ, ಅದಕ್ಕೆ ಹೋದ. ಊರು ಅವನನ್ನ ಮರೆಯದೆ ಕಲ್ಲು ನಿಲ್ಲಿಸ್ತು. ರೂಮಿನ ಐದನೇ ಮಂಚದವರಿಗೆ ಊರು ಅಂದ್ರೆ ಆ ಇಪ್ಪತ್ತಮೂರು ಹೆಸರು.

ಮತ್ತೆ ಲೆಕ್ಕದ ವಿಷಯ ಸುಮ್ಮನೆ ಭಾವನೆಯದ್ದಲ್ಲ. ಇಸಿಆರ್ ಪಾಸ್‌ಪೋರ್ಟಿನಲ್ಲಿ ಗಲ್ಫ್‌ಗೆ ಹೋಗೋರಿಗೆ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅದರ 10 ಲಕ್ಷ ಸಿಗೋದು ಅಪಘಾತದ ಸಾವಿಗೆ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ. ಅಂಕಲ್ ಹೋಗುವಾಗ ಮಾಡಿಸಿದ್ದರು, ಆಮೇಲೆ ನವೀಕರಿಸಿರಲಿಲ್ಲ. ನವೀಕರಿಸಿದ್ದರೂ ನಿದ್ದೆಯಲ್ಲಿ ಹೃದಯ ನಿಂತಿದ್ದಕ್ಕೆ ಆ 10 ಲಕ್ಷ ಬರ್ತಿರಲಿಲ್ಲ. ಅವರ ಬ್ಯಾಂಕ್ ಖಾತೆಗೆ ನಾಮಿನಿ ಯಾರು, ಗ್ರಾಚ್ಯುಟಿ ಎಷ್ಟು, ಕೆಲಸದ ಒಪ್ಪಂದದ ಪ್ರತಿ ಎಲ್ಲಿ, ಮನೆಯವರಿಗೆ ಯಾವುದೂ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷದ ದುಡಿಮೆಯ ಲೆಕ್ಕ ಯಾವ ಕಲ್ಲಿನಲ್ಲೂ ಇರಲಿಲ್ಲ, ಒಂದು ಫೈಲಿನಲ್ಲೂ ಇರಲಿಲ್ಲ.

ಆ ರಾತ್ರಿ ನಾನು ಅಪ್ಪನಿಗೆ "ನಿಮ್ಮದು ಎಲ್ಲಿದೆ?" ಅಂತ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದರು. ಒಪ್ಪಂದದ ಪ್ರತಿ ಇತ್ತು, ಪುಟ ಹರಿದಿತ್ತು. ಖಾತೆಗೆ ನಾಮಿನಿ ಅಂತ ಹಾಕಿದ್ದು ತೀರಿಹೋದ ನಮ್ಮಜ್ಜಿಯ ಹೆಸರು. ಮಾರನೇ ದಿನ ನಾವಿಬ್ಬರೂ ಬ್ಯಾಂಕಿಗೆ ಹೋದ್ವಿ. ಇಪ್ಪತ್ತು ನಿಮಿಷದ ಕೆಲಸ. ಹದಿನೈದು ವರ್ಷದಲ್ಲಿ ನಾನು ಕೇಳದ ಪ್ರಶ್ನೆ ಅದು. ಫೀಸು ಯಾವಾಗ ಕಳಿಸ್ತೀರಿ ಅಂತ ಮಾತ್ರ ಕೇಳಿದ್ದೆ.

ಆದ್ದರಿಂದ ಈ ಪುಸ್ತಿಕೆ ಓದ್ತಿರೋ ನಿಮಗೆ ಮೂರು ಸಣ್ಣ ಕೋರಿಕೆ.

ಒಂದು: ಮುಂದಿನ ರಜೆಗೆ ಊರಿಗೆ ಹೋದಾಗ ನಿಮ್ಮೂರಿನ ವೀರಗಲ್ಲು ಎಲ್ಲಿದೆ ಅಂತ ಹುಡುಕಿ. ಅದರ ಮೇಲೆ ಬಟ್ಟೆ ಒಗೀತಿದ್ದರೆ ಜಗಳ ಮಾಡಬೇಡಿ, ಅದು ಏನು ಅಂತ ಹೇಳಿ. ಕೆತ್ತನೆಯ ಜೊತೆ ಅಕ್ಷರದ ಫೋಟೋ ಕೂಡ ತೆಗೆಯಿರಿ, ಬೆಳಕು ಓರೆಯಾಗಿ ಬೀಳೋ ಬೆಳಗ್ಗೆ ಅಥವಾ ಸಂಜೆ ತೆಗೆದರೆ ಓದಲು ಸಿಗುತ್ತೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡಿ ಉಳಿಸೋ ಕೆಲಸ ಮಾಡ್ತಿದೆ. ನಮ್ಮಲ್ಲಿ ಇಮೇಜ್ ಪ್ರೊಸೆಸಿಂಗ್ ಓದ್ತಿರೋರೇ ಎಷ್ಟು ಜನ ಇದ್ದೀವಿ, ಇದು ನಮ್ಮದೇ ವಿಷಯ.

ಎರಡು: ಗಲ್ಫ್‌ನಲ್ಲೋ ಬೇರೆಲ್ಲೋ ದುಡಿತಿರೋ ಅಪ್ಪ, ಅಣ್ಣ, ಚಿಕ್ಕಪ್ಪ ಇದ್ದರೆ ಈ ವಾರ ಫೋನ್ ಮಾಡಿದಾಗ ನಾಮಿನಿ, ಇನ್ಶೂರೆನ್ಸ್, ಒಪ್ಪಂದದ ಪ್ರತಿ, ಈ ಮೂರನ್ನ ಕೇಳಿ. ಅಪಶಕುನ ಅಂತ ಬೈತಾರೆ. ಬೈಸಿಕೊಳ್ಳಿ.

ಮೂರು: ಈ ಸಲದ ರಾಜ್ಯೋತ್ಸವದ ಬಜೆಟ್‌ನಲ್ಲಿ ನಮ್ಮ ಸಂಘ ಒಂದು ಸಾಲು ಸೇರಿಸಲಿ. ದೊಡ್ಡ ಮೊತ್ತ ಬೇಡ. ನಮ್ಮ ನಡುವೆ ಅಥವಾ ನಮ್ಮವರ ಮನೆಯಲ್ಲಿ ಇಂಥದ್ದು ಆದಾಗ ತಕ್ಷಣ ಕೊಡಲು ಒಂದು ನಿಧಿ, ಒಂದು ನೋಟ್‌ಬುಕ್. ಸಾಲಿನ ಹೆಸರು ಬೇಕಾದರೆ ನಮ್ಮ ಭಾಷೆಯಲ್ಲೇ ಇದೆ, 1500 ವರ್ಷದಿಂದ.

ವಿಡಿಯೋ ಮತ್ತೆ ಎಡಿಟ್ ಮಾಡ್ತಿದ್ದೀನಿ. ಈ ಸಲ ಅದು ನಾಲ್ಕು ನಿಮಿಷ ಆಗುತ್ತೆ. ವೀರ ಬಿದ್ದ ಮೇಲೆ ಬೇಗೂರಿನ ಕಲ್ಲಿನ ಬರಹ ತೋರಿಸಿ, ಹನ್ನೆರಡು ಹಳ್ಳಿಗಳ ಹೆಸರನ್ನ ಒಂದೊಂದಾಗಿ ಓದಿಸ್ತೀನಿ. ಡೊಳ್ಳು ಇರಲ್ಲ. ಬೋರ್ ಆಗುತ್ತೆ ಅಂತ ಹೇಳೋರು ಈಗಲೇ ಹೇಳಿ, ಆದರೂ ತೆಗೆಯಲ್ಲ.